ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆ ಪೇಟೆ, ಹಳೆ ಗೋಡೆ, ಹೊಸ ಪೇಂಟು

ಮಳೆಗಾಲ ಮುಗೀತಿದ್ದ ಹಾಗೆ ನಮ್ಮ ಟೇಬಲ್ ಮೇಲೆ ಹಳೆ ಮನೆ, ಹಳೆ ದೇವಸ್ಥಾನ, ಹಳೆ ಬೀದಿ ಬಗ್ಗೆ ಪತ್ರ ಬರ್ಲಿಕ್ಕೆ ಶುರುವಾಗ್ತದೆ. ಈ ಸಲ ಕಾರವಾರ, ಕುಮಟಾ, ಭಟ್ಕಳದಿಂದ್ಲೂ ಬಂದಿವೆ, ಘಟ್ಟದ ಮೇಲೆ ಶಿರಸಿಯಿಂದ್ಲೂ ಬಂದಿವೆ. ಎಲ್ಲಾ ಓದಿದ್ಮೇಲೆ ನನಗನ್ಸಿದ್ದು ಮೊದ್ಲೇ ಹೇಳಿಬಿಡ್ತೇನೆ: ನಮ್ಮ ಕಡೆ ಯಾರೂ ನೋಡ್ದೇ ಹಾಳಾಗಿ ಹೋದದ್ದು ಇದೆ, ಆದ್ರೆ ಚಂದ ಮಾಡ್ಲಿಕ್ಕೆ ಹೋಗಿ ಕಳ್ಕೊಂಡದ್ದು ಅದಕ್ಕಿಂತ ಜಾಸ್ತಿ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಬೇರೆಬೇರೆ ರೀತಿಲಿ ಬರ್ತದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ಪೇಟೆ ದೇವಸ್ಥಾನದ ಗೋಡೆಲಿ ಕೆಂಪು-ಬಿಳಿ ಕಾವಿ ಚಿತ್ರ ಇದೆ, ಅಜ್ಜನ ಕಾಲದಿಂದ್ಲೂ ಇದ್ದದ್ದು. ಬರೋ ವರ್ಧಂತಿ ಒಳಗೆ ಜೀರ್ಣೋದ್ಧಾರ ಆಗ್ಬೇಕು ಅಂತ ಕಮಿಟಿಯವ್ರು ಹೊರಟಿದಾರೆ. ಒಬ್ಬರು ದಾನಿಗಳು ಕೆಳಗಿನ ಅರ್ಧ ಗೋಡೆಗೆ ಗ್ರಾನೈಟ್ ಕೊಡ್ತಾರಂತೆ, ಮೇಲಿನ ಚಿತ್ರ ಮಾಸಿದೆ ಅಂತ ಅದನ್ನ ಆಯಿಲ್ ಪೇಂಟಲ್ಲಿ ತಿರುಗಿ ಬರೆಸ್ತಾರಂತೆ. ನಾನೊಬ್ಬನೇ ಬೇಡ ಅಂತಿದೇನೆ, ದೇವರ ಕೆಲಸಕ್ಕೆ ಅಡ್ಡ ಬರ್ತಾನೆ ಅಂತ ಮಾತು ಬರ್ತಾ ಇದೆ. ಏನು ಮಾಡ್ಲಿ? (ಒಬ್ಬ ಓದುಗರು, ಕುಮಟಾ)

ಉತ್ತರ: ಗಟ್ಟಿ ನಿಲ್ಲಿ ಮಾರಾಯ್ರೆ, ನೀವು ಹೇಳ್ತಿರೋದು ಸರಿ ಇದೆ. ಕಾವಿ ಅಂದ್ರೆ ಗೋಡೆ ಮೇಲೆ ಬಳಿದ ಬಣ್ಣ ಅಲ್ಲ ಅನ್ನೋದನ್ನ ಮೊದ್ಲು ಕಮಿಟಿಯವ್ರಿಗೆ ತೋರಿಸ್ಬೇಕು, ಬಾಯಲ್ಲಿ ಹೇಳಿದ್ರೆ ಆಗೂದಿಲ್ಲ, ಗೋಡೆ ಹತ್ರ ಕರ್ಕೊಂಡು ಹೋಗಿ ಬೆರಳಲ್ಲಿ ಮುಟ್ಟಿಸಿ. ಬಿಳಿ ಗೆರೆ ಇರೋ ಕಡೆ ಬೆರಳು ಸ್ವಲ್ಪ ಒಳಗೆ ಇಳೀತದೆ, ಯಾಕಂದ್ರೆ ಆ ಬಿಳಿ ಬಳಿದದ್ದಲ್ಲ, ಕೆರೆದದ್ದು. ಸಮುದ್ರದ ಚಿಪ್ಪಿ ಸುಟ್ಟು ಮಾಡಿದ ಸುಣ್ಣಕ್ಕೆ ಮರಳು ಸೇರ್ಸಿ, ಬೆಲ್ಲದ ನೀರು ಹಾಕಿ, ಕೊಳೆಸಿ, ಕುಟ್ಟಿ ನುಣ್ಣಗೆ ಮಾಡಿ ಗೋಡೆಗೆ ಗಾರೆ ಕೊಡ್ತಿದ್ರು. ಅದರ ಮೇಲೆ ಕೆಂಪುಮಣ್ಣಿನ ಬಣ್ಣ ಕಲೆಸಿದ ತೆಳು ಪದರ, ಅದು ಹಸಿ ಇರೋವಾಗ್ಲೇ ಕಬ್ಬಿಣದ ಮೊನೆಯಿಂದ ಗೀರಿ ಕೆರೆದು ಒಳಗಿನ ಬಿಳಿ ಕಾಣೋ ಹಾಗೆ ಚಿತ್ರ ಬಿಡಿಸ್ತಿದ್ರು, ಆಮೇಲೆ ಹೊಳೆಯ ನುಣುಪು ಕಲ್ಲಲ್ಲಿ ತಿಕ್ಕಿ ಹೊಳಪು ಬರಿಸ್ತಿದ್ರು. ಗಾರೆ ಒಣಗೋದ್ರೊಳಗೆ ಕೆಲಸ ಮುಗೀಬೇಕು, ಕೈ ತಪ್ಪಿದ್ರೆ ಅಳಿಸ್ಲಿಕ್ಕಿಲ್ಲ, ಅಂಥಾ ಕೆಲಸ ಅದು. ಹೀಗಾಗಿ ಚಿತ್ರ ಗೋಡೆಯದ್ದೇ ಭಾಗ. ಅದರ ಮೇಲೆ ಆಯಿಲ್ ಪೇಂಟ್ ಹಚ್ಚಿದ್ರೆ ಗೆರೆ ತುಂಬಿ ಹೋಗ್ತದೆ, ಸುಣ್ಣದ ಗೋಡೆ ಉಸಿರಾಡೋದು ನಿಲ್ತದೆ, ಒಂದೆರಡು ಮಳೆಗಾಲದಲ್ಲಿ ಪೇಂಟು ಎದ್ದು ಬರೋವಾಗ ಹಳೆ ಕಾವಿ ಪದರಾನೂ ಕಿತ್ಕೊಂಡೇ ಬರ್ತದೆ. ಆಮೇಲೆ ಎಷ್ಟು ದುಡ್ಡು ಕೊಟ್ರೂ ತಿರುಗಿ ಸಿಗೂದಿಲ್ಲ.

ಇದು ಎಲ್ಲಾ ಕಡೆ ಸಿಗೋ ಕಲೆ ಅಲ್ಲ, ಗೋವಾ ಕೊಂಕಣದಿಂದ ನಮ್ಮ ಉತ್ತರ ಕನ್ನಡ ಜಿಲ್ಲೆವರೆಗಿನ ಪಟ್ಟಿಲಿ ಬೆಳೆದದ್ದು. ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲಿ ಇವತ್ತಿಗೂ ಕಾವಿ ಗೋಡೆ ಇದೆ, ಜಾತ್ರೆ ಗಲಾಟೆ ಇಲ್ಲದ ದಿನ ನಿಮ್ಮ ಕಮಿಟಿಯವ್ರನ್ನ ಒಂದು ವ್ಯಾನ್ ಮಾಡ್ಕೊಂಡು ಅಲ್ಲಿಗೆ ಕರ್ಕೊಂಡು ಹೋಗಿ ನೋಡಿ, ಅಷ್ಟು ದೊಡ್ಡ ದೇವಸ್ಥಾನವೇ ಇಟ್ಕೊಂಡಿದೆ ಅಂತ ಕಂಡ್ರೆ ಮಾತಿನ ಧಾಟಿ ಬದಲಾಗ್ತದೆ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಈ ಕಾವಿ ಗೋಡೆಗಳ ಫೋಟೋ ತೆಗೆದು ಬರೆದಿಟ್ರು, 2002ರಲ್ಲಿ ತೀರಿಕೊಂಡ್ರು. ಅವರಷ್ಟು ಪ್ರೀತಿಯಿಂದ ಈ ಗೋಡೆಗಳನ್ನ ನೋಡಿದವ್ರು ಕಡ್ಮೆ.

ಈಗ ಕಮಿಟಿ ಮುಂದೆ ಬರೀ 'ಬೇಡ' ಅನ್ಬೇಡಿ, ಬದಲಿ ಇಟ್ಟು ಮಾತಾಡಿ. ಚಿತ್ರ ಮಾಸ್ಲಿಕ್ಕೆ ಕಾರಣ ಹುಡುಕಿ, ಹತ್ತಕ್ಕೆ ಒಂಬತ್ತು ಕಡೆ ಮೇಲೆ ಹೆಂಚು ಒಡೆದಿರ್ತದೆ ಅಥವಾ ಸೂರು ಗಿಡ್ಡ ಆಗಿ ಇರ್ಚಲು ಹೊಡೀತಿರ್ತದೆ. ದಾನಿಗಳ ಹಣ ಮಾಡಿಗೆ, ಅಂದ್ರೆ ಚಾವಣಿಗೆ ಹಾಕ್ಸಿ, ಗ್ರಾನೈಟೇ ಕೊಡ್ತೇನೆ ಅಂದ್ರೆ ಊಟದ ಹಾಲಿನ ನೆಲಕ್ಕೆ ಹಾಕ್ಸಿ, ಅವರ ಹೆಸರಿನ ಕಲ್ಲನ್ನೂ ಅಲ್ಲೇ ಮರ್ಯಾದೆಯಿಂದ ಕೂರ್ಸಿ. ಚಿತ್ರಕ್ಕೆ ಈಗ ಬೇಕಾದ್ದು ಇಷ್ಟೇ: ಮೆತ್ತನೆ ಒಣ ಬ್ರಶ್ಶಲ್ಲಿ ಧೂಳು ತೆಗೆಯೋದು, ನೀರು-ಸೋಪು ಮುಟ್ಟಿಸದಿರೋದು, ಗೋಡೆಗೆ ಮೊಳೆ ಹೊಡೆದು ಟ್ಯೂಬ್‌ಲೈಟ್ ಹಾಕದಿರೋದು. ಎದ್ದು ಬಂದ ಭಾಗ ಇದ್ರೆ ಗೊತ್ತಿದ್ದವ್ರೇ ಸುಣ್ಣದ ಗಾರೆಲಿ ಅಂಚು ಹಿಡಿಸ್ಬೇಕು. ಕೆಲಸ ಶುರು ಮಾಡೋ ಮೊದ್ಲು ಇಡೀ ಗೋಡೆದು ಹಗಲು ಬೆಳಕಲ್ಲಿ ಎದುರಿಂದ ನೆಟ್ಟಗೆ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟು. ದೇವಸ್ಥಾನ ಮುಜರಾಯಿಗೆ ಸೇರಿದ್ದಾದ್ರೆ ಇಲಾಖೆ ಒಪ್ಪಿಗೆ ಇಲ್ದೆ ಕಮಿಟಿ ಗೋಡೆ ಮುಟ್ಟೋ ಹಾಗಿಲ್ಲ, ಅದನ್ನೂ ಮೀಟಿಂಗಲ್ಲಿ ಹೇಳಿ ಬರಹದಲ್ಲಿ ದಾಖಲಿಸಿ.

ಪ್ರಶ್ನೆ: ಕಾರವಾರ ಕೋಡಿಬಾಗದಲ್ಲಿ ನಮ್ದು ಚಿರೆಕಲ್ಲಿನ ಹಳೆ ಮನೆ. ಹತ್ತು ಹದಿನೈದು ವರ್ಷದ ಹಿಂದೆ ಕೆಳಗಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿದ್ವಿ. ಈಗ ಉಪ್ಪು ಬಂದು ಪದರ ಪದರ ಉದುರ್ತದೆ, ತೇವ ಸೊಂಟದ ಮಟ್ಟ ಏರಿದೆ. ಕಂಟ್ರಾಕ್ಟರು ವಾಟರ್‌ಪ್ರೂಫ್ ಕೆಮಿಕಲ್ ಹಾಕಿ ಮತ್ತೆ ಸಿಮೆಂಟ್ ಹೊಡೀಬೇಕು ಅಂತಾನೆ, ಮಗ ಎಲ್ಲಾ ಕೆಡವಿ ಆರ್‌ಸಿಸಿ ಕಟ್ಟೋಣ ಅಂತಾನೆ. (ಗೃಹಿಣಿ, ಕಾರವಾರ)

ಉತ್ತರ: ಅಕ್ಕಾ, ಎರಡೂ ಬೇಡ. ಚಿರೆಕಲ್ಲು ತೂತು ತೂತು ಇರೋ ಕಲ್ಲು, ನೆಲದ ನೀರನ್ನ ಮೇಲಕ್ಕೆ ಎಳ್ಕೊಳ್ತದೆ, ಹಾಗೇ ಬಿಸಿಲು ಬಂದಾಗ ಬಿಟ್ಟೂ ಬಿಡ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರೂದಿಲ್ಲ. ಸಿಮೆಂಟ್ ಮಾತ್ರ ಸೆಖೆಲಿ ರೈನ್‌ಕೋಟ್ ಹಾಕ್ಕೊಂಡ ಹಾಗೆ, ಹೊರಗಿನ ನೀರು ತಡೀತದೋ ಇಲ್ವೋ, ಒಳಗಿನ ನೀರನ್ನಂತೂ ಹೊರಗೆ ಬಿಡೂದಿಲ್ಲ. ದಾರಿ ಸಿಗದ ನೀರು ಗೋಡೆ ಒಳಗೇ ಮೇಲೆ ಏರ್ತದೆ, ನಿಮ್ಮಲ್ಲಿ ಸೊಂಟದ ಮಟ್ಟ ಬಂದದ್ದು ಅದಕ್ಕೇ. ಜೊತೆಗೆ ಸಮುದ್ರದ ಹತ್ರದ ಮಣ್ಣಲ್ಲಿ ಗಾಳಿಲಿ ಉಪ್ಪು ಇದ್ದೇ ಇದೆ, ಸಿಮೆಂಟಲ್ಲೂ ಅದರದ್ದೇ ಉಪ್ಪಿರ್ತದೆ. ನೀರು ಆರಿದಲ್ಲಿ ಆ ಉಪ್ಪು ಹರಳುಗಟ್ಟಿ ಉಬ್ಬಿ ಕಲ್ಲಿನ ಮೈಯನ್ನೇ ಪುಡಿ ಮಾಡ್ತದೆ. ಪ್ಲಾಸ್ಟರ್ ಬಿದ್ದ ಜಾಗದಲ್ಲಿ ಕಲ್ಲನ್ನ ಉಗುರಿಂದ ಗೀರಿ ನೋಡಿ, ಕೆಂಪು ಹುಡಿ ಬರ್ತದೆ, ಅದು ಆರೋಗ್ಯವಾಗಿರೋ ಚಿರೆಕಲ್ಲಲ್ಲಿ ಬರೂದಿಲ್ಲ.

ಮಾಡ್ಬೇಕಾದ್ದು ಹೀಗೆ. ಈ ಬೇಸಿಗೆಲಿ ಸಿಮೆಂಟ್ ಪ್ಲಾಸ್ಟರ್ ಪೂರ್ತಿ ಕೀಳಿಸಿ, ಮಿಷನ್ ಹಚ್ಬೇಡಿ, ಉಳಿ ಸುತ್ತಿಗೆಲಿ ನಿಧಾನಕ್ಕೆ. ಗೋಡೆ ಬರಿಮೈ ಇಟ್ಟು ಒಣಗ್ಲಿಕ್ಕೆ ಬಿಡಿ, ಮೇಲೆ ಬರೋ ಬಿಳಿ ಉಪ್ಪನ್ನ ಒಣ ಬ್ರಶ್ಶಲ್ಲಿ ಗುಡಿಸಿ ಹೊರಗೆ ಹಾಕಿ, ನೀರು ಹಾಕಿ ತೊಳೆದ್ರೆ ಮತ್ತೆ ಒಳಗೇ ಹೋಗ್ತದೆ. ಅಷ್ಟೊತ್ತಿಗೆ ಹೊರಗಡೆ ಗೋಡೆ ಬುಡ ನೋಡಿ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಎತ್ತರ ಮಾಡಿದೀರಾ, ಮಾಡಿನ ನೀರು ಬುಡಕ್ಕೇ ಬೀಳ್ತದಾ, ಪಂಚಾಂಗದ (ಅಡಿಪಾಯದ) ಕಲ್ಲು ಮಣ್ಣಲ್ಲಿ ಮುಚ್ಚಿ ಹೋಗಿದ್ಯಾ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳೋ ಊರು ನಮ್ದು, ನೀರು ಮನೆಯಿಂದ ದೂರ ಹೋಗೋ ದಾರಿ ಆಗ್ದೇ ಗೋಡೆಗೆ ಏನು ಹಚ್ಚಿದ್ರೂ ದಂಡ. ಅದಾದ್ಮೇಲೆ ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ತೊಳೆದ ಹೊಳೆ ಮರಳು, ತೆಳು ತೆಳುವಾಗಿ ಎರಡು ಮೂರು ಸಲ ಗಾರೆ ಕೊಡ್ಸಿ, ಪ್ರತಿ ಸಲ ಗೋಣಿ ಒದ್ದೆ ಮಾಡಿ ಕಟ್ಟಿ ಕೆಲವು ದಿನ ತೇವ ಇಡಿ. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಕಲ್ಲಾಗೋದು, ಅವಸರ ಮಾಡಿ 'ಸ್ವಲ್ಪ ಸಿಮೆಂಟ್ ಸೇರ್ಸಿದ್ರೆ ಬೇಗ ಹಿಡೀತದೆ' ಅಂತ ಮೇಸ್ತ್ರಿ ಹೇಳ್ತಾನೆ, ಒಪ್ಪಬೇಡಿ, ಕಾವಲಿಗೆ ನೀವೇ ನಿಲ್ಲಿ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣ ಬಳಿಸಿ ಸಾಕು.

ಇನ್ನು ಮಾಡು. ಮಳೆಗಾಲಕ್ಕೆ ಮೊದ್ಲು ಹೆಂಚು ಕೈಯಾಡ್ಸೋದು, ಹೆಂಚು ಹೊರೋ ಮರದ ಪಕಾಸು ರೀಪು ತಟ್ಟಿ ಒರಲೆ (ಗೆದ್ದಲು) ನೋಡೋದು, ಗಾಳಿ ಬದಿಗೆ ಮಡ್ಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟೋದು, ಇದೆಲ್ಲಾ ನಮ್ಮ ಹಿರಿಯರು ಪ್ರತಿ ವರ್ಷ ಮಾಡ್ತಿದ್ದ ಕೆಲಸ. ಆ ಮನೆಗಳು ಅಷ್ಟು ವರ್ಷ ನಿಂತದ್ದು ಕಲ್ಲಿನ ಬಲದಿಂದ ಮಾತ್ರ ಅಲ್ಲ, ಈ ವರ್ಷಾವರ್ಷದ ಕೈಕೆಲಸದಿಂದ. ಮಗನಿಗೆ ಹೇಳಿ, ಕೆಡವಿದ್ರೆ ಆ ಕಲ್ಲು, ಆ ಮರ, ಆ ತಂಪು ಯಾವ ಆರ್‌ಸಿಸಿಲೂ ಬರೂದಿಲ್ಲ. ಬಾತ್‌ರೂಮು, ಅಡುಗೆಮನೆ ಹಿಂದಿನ ಬದಿಗೆ ಹೊಸದಾಗಿ ಅನುಕೂಲ ಮಾಡ್ಕೊಳ್ಳಿ, ಅದ್ರಲ್ಲಿ ತಪ್ಪೇನೂ ಇಲ್ಲ, ಹಳೆ ಮನೆಲಿ ಜನ ಸುಖವಾಗಿ ಇದ್ರೇ ಅದು ಉಳಿಯೋದು.

ಪ್ರಶ್ನೆ: ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು ನೋಡಿದ್ಮೇಲೆ ನಮ್ಮ ವಾರ್ಡಲ್ಲಿ 'ಹಳೇದೆಲ್ಲಾ ಅಪಾಯ, ಕೆಡವಿ' ಅಂತ ಮಾತು ಜೋರಾಗಿದೆ. ಹಳೆ ಪೇಟೆ ಕಟ್ಟಡಗಳು ನಿಜವಾಗ್ಲೂ ಅಪಾಯವಾ? (ಕಾರವಾರದಿಂದ)

ಉತ್ತರ: 2024ರ ಆಗಸ್ಟ್ 7ರ ಬೆಳಗಿನ ಜಾವ ಬಿದ್ದ ಆ ಸೇತುವೆಗೆ ಆಗಿದ್ದದ್ದು ಸುಮಾರು ನಲವತ್ತು ವರ್ಷ, ಅದು ಕಾಂಕ್ರೀಟಿಂದು. ನೀವು ಹೇಳೋ ಹಳೆ ಪೇಟೆಲಿ ಅದಕ್ಕಿಂತ ಎಷ್ಟೋ ಹಿಂದಿನ ಚಿರೆಕಲ್ಲು-ಸುಣ್ಣದ ಕಟ್ಟಡ ನಿಂತಿವೆ. ಸೇತುವೆ ಯಾಕೆ ಬಿತ್ತು ಅನ್ನೋದು ಇಂಜಿನಿಯರುಗಳ ವಿಷಯ, ನಾನು ಅದರೊಳಗೆ ಹೋಗೂದಿಲ್ಲ, ಆದ್ರೆ ವಯಸ್ಸೊಂದನ್ನೇ ನೋಡಿ ಅಪಾಯ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಸಮುದ್ರದ ಊರಲ್ಲಿ ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಉಪ್ಪು ತಲುಪಿದ್ರೆ ತುಕ್ಕು ಹಿಡೀತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನ ಒಳಗಿಂದ್ಲೇ ಒಡೀತದೆ. ಸುಣ್ಣದ ಗೋಡೆಲಿ ಕಬ್ಬಿಣವೇ ಇಲ್ಲ. ಅದರ ಶತ್ರು ಬೇರೆ: ಸೋರೋ ಮಾಡು, ಗೋಡೆ ಮೇಲೆ ಹುಟ್ಟಿದ ಅಶ್ವತ್ಥ ಆಲದ ಗಿಡ, ಒರಲೆ ತಿಂದ ತೊಲೆ, ಒಂದು ಗೋಡೆ ತೆಗೆದು ಅಂಗಡಿಗೆ ಶಟರ್ ಹಾಕೋದು. ಈ ಶಟರ್ ವಿಷಯ ತುಂಬಾ ಗಂಭೀರ, ಭಾರ ಹೊರೋ ಗೋಡೆಯನ್ನೇ ಕೊರೆದು ಅಂಗಡಿ ಮಾಡ್ತಾರೆ, ಆಮೇಲೆ ಕಟ್ಟಡ ಶಿಥಿಲ ಅಂತ ನೋಟಿಸ್ ಬರ್ತದೆ. ಅಂಥಾ ನೋಟಿಸ್ ಬಂದ್ರೆ ಹಳೆ ಕಲ್ಲುಕಟ್ಟಡ ಗೊತ್ತಿರೋ ಇಂಜಿನಿಯರಿಂದ ಬೇರೆ ವರದಿ ಮಾಡ್ಸಿ ನಗರಸಭೆಗೆ ಕೊಡಿ. ನಿಜವಾಗಿ ಬೀಳೋ ಹಾಗಿದ್ರೆ ಜನರನ್ನ ಮೊದ್ಲು ಹೊರಗೆ ಕಳ್ಸಿ, ಗೋಡೆಗೆ ಊರುಗೋಲು ಕೊಡ್ಸಿ, ಆಮೇಲೆ ರಿಪೇರಿ ಮಾತು.

ಪ್ರಶ್ನೆ: ಟಾಗೋರರು ಕಾರವಾರಕ್ಕೆ ಬಂದದ್ದು ಹೌದಾ, ಅಥವಾ ಬೀಚಿಗೆ ಹೆಸರಿಡ್ಲಿಕ್ಕೆ ಹೇಳಿದ ಕಥೆಯಾ? (ಕಾಲೇಜು ವಿದ್ಯಾರ್ಥಿ, ಅಂಕೋಲಾ)

ಉತ್ತರ: ಹೌದು, ಬಂದಿದ್ರು. ಅವರ ಅಣ್ಣ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ರು, ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ ರವೀಂದ್ರರು ಅಣ್ಣನ ಮನೆಲಿ ಉಳಿದಿದ್ರು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ. ಕಾಳಿ ನದಿಲಿ ದೋಣಿ ಮಾಡ್ಕೊಂಡು ಹೋಗಿ ಬೆಳದಿಂಗಳಲ್ಲಿ ವಾಪಸ್ ಬಂದದ್ದನ್ನ ತಮ್ಮ ನೆನಪುಗಳಲ್ಲಿ ಎಷ್ಟು ಚಂದ ಬರೆದಿದಾರೆ ಅಂದ್ರೆ, ನಮ್ಮ ನದಿಯನ್ನ ಹಾಗೆ ನೋಡಿದವ್ರು ಇಲ್ಲಿಯವ್ರಲ್ಲೇ ಎಷ್ಟು ಜನ ಇದ್ದಾರೋ ಅನ್ಸ್ತದೆ. ನಂದೊಂದು ಕೋರಿಕೆ, ಬೀಚಿಗೆ ಹೆಸರಿಟ್ಟದ್ದು ಸಂತೋಷ, ಆದ್ರೆ ಆ ಕಾಲದ ಕೋರ್ಟು ಕಚೇರಿ, ಅಧಿಕಾರಿಗಳ ಬಂಗಲೆ, ಗುಡ್ಡದ ದಾರಿ ಇವುಗಳಲ್ಲಿ ಉಳಿದದ್ದೇನು ಅಂತ ಹಳೆ ನಕ್ಷೆ ಹಿಡ್ಕೊಂಡು ಹುಡುಕೋ ಕೆಲಸ ನಿಮ್ಮಂಥ ವಿದ್ಯಾರ್ಥಿಗಳು ಮಾಡಿ.

ಪ್ರಶ್ನೆ: ಭಟ್ಕಳದಲ್ಲಿ ನಮ್ಮನೆ ಪುರಾತತ್ವ ಇಲಾಖೆ ಬೋರ್ಡು ಇರೋ ಸ್ಮಾರಕದ ಹತ್ರ ಇದೆ. ಮಾಡು ಸೋರ್ತದೆ, ರಿಪೇರಿ ಮಾಡ್ಲಿಕ್ಕೂ ಬಿಡೂದಿಲ್ಲ ಅಂತ ಜನ ಹೆದರಿಸ್ತಾರೆ. (ಭಟ್ಕಳ)

ಉತ್ತರ: ಹೆದರ್ಬೇಡಿ, ಪರ್ಮಿಶನ್ ತಗೊಂಡೇ ಮಾಡಿ. ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನೂರು ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ, ಆದ್ರೆ 1992ರ ಜೂನ್ 16ಕ್ಕಿಂತ ಮೊದ್ಲೇ ಇದ್ದ ಮನೆಯ ರಿಪೇರಿಗೆ ಅರ್ಜಿ ಹಾಕ್ಲಿಕ್ಕೆ ಅವಕಾಶ ಇದೆ. ಆಚೆಯ 200 ಮೀಟರಲ್ಲಿ ಹೊಸದು ಕಟ್ಲಿಕ್ಕೂ ಅರ್ಜಿ ಹಾಕ್ಬಹುದು. ಮನೆ ಹಳೇದು ಅನ್ನೋದಕ್ಕೆ ಮನೆಪಟ್ಟಿ ರಸೀದಿ, ಹಳೆ ಕರೆಂಟ್ ಬಿಲ್, ಸಿಟಿ ಸರ್ವೆ ನಕಲು, ಇದೆಲ್ಲಾ ಸೇರ್ಸಿ ಇಟ್ಕೊಳ್ಳಿ, ಈಗಿರೋ ಸ್ಥಿತಿದು ಫೋಟೋನೂ ಹಾಕಿ. ನಮ್ಮ ಜಿಲ್ಲೆಯ ಕೇಂದ್ರ ಸ್ಮಾರಕಗಳನ್ನ ನೋಡ್ಕೊಳ್ಳೋದು ಪುರಾತತ್ವ ಸರ್ವೇಕ್ಷಣದ ಧಾರವಾಡ ವೃತ್ತ, ಅರ್ಜಿ ದಾರಿ ಅಲ್ಲಿ ವಿಚಾರಿಸಿ. ಕಾಗದ ಓಡಾಟ ನಿಧಾನ, ಆ ಕಷ್ಟ ನಿಜ, ಸೋರೋ ಮನೆಲಿ ಕೂತು ಕಾಯೋರ ಮೇಲೆ ಅಧಿಕಾರಿಗಳು ಸ್ವಲ್ಪ ಬೇಗ ಕಣ್ಣು ಹಾಯಿಸ್ಬೇಕು. ಹಾಗಂತ ನಿಯಮವೇ ಬೇಡ ಅನ್ನೋ ಮಾತಿಗೆ ನಾನು ಒಪ್ಪೂದಿಲ್ಲ. ನಿಮ್ಮೂರಿನ ಖೇತಪೈ ನಾರಾಯಣ ದೇವಸ್ಥಾನ ಒಂದ್ಸಲ ಪುರುಸೊತ್ತಲ್ಲಿ ನೋಡಿ, 16ನೇ ಶತಮಾನದ್ದು, ಕರಾವಳಿ ಮಳೆಗೆ ಬೇಕಾದ ಇಳಿಜಾರು ಮಾಡನ್ನ ಹೆಂಚಲ್ಲಿ ಅಲ್ಲ, ಕಲ್ಲು ಚಪ್ಪಡಿಲೇ ಮಾಡಿದಾರೆ, ಮರದ ಕೆಲಸದ ರೂಪವನ್ನೇ ಕಲ್ಲಿಗೆ ತಂದಿದಾರೆ. ನಾಲ್ಕು ಅಂತಸ್ತಿನ ಕಟ್ಟಡ ಸುತ್ತ ಎದ್ರೆ ಅದರ ಪಾಡೇನು.

ಪ್ರಶ್ನೆ: ಶಿರಸಿ-ಬನವಾಸಿ ಕಡೆ ನಮ್ಮೂರ ರಸ್ತೆ ಅಗಲ ಮಾಡೋವಾಗ ಒಂದು ವೀರಗಲ್ಲನ್ನ ಜೆಸಿಬಿಲಿ ಕಿತ್ತು ಚರಂಡಿ ಬದಿಗೆ ಹಾಕಿದಾರೆ. ತಂದು ನಮ್ಮನೆ ಅಂಗಳದಲ್ಲಿ ನಿಲ್ಲಿಸ್ಲಾ? ಕೆಲವರು ಆಸಿಡ್ ಹಾಕಿ ತೊಳೆದು ಬಣ್ಣ ಹಚ್ಚೋಣ ಅಂತಾರೆ. (ಕೃಷಿಕರು, ಶಿರಸಿ ತಾಲೂಕು)

ಉತ್ತರ: ಆಸಿಡ್ ಖಂಡಿತ ಬೇಡ, ಬಣ್ಣವೂ ಬೇಡ, ಮನೆಗೆ ತರೋದೂ ಬೇಡ. ಊರಿನ ಕಲ್ಲು ಊರಿನ ಜಾಗದಲ್ಲೇ ಇರ್ಬೇಕು, ಎಲ್ಲಿತ್ತು ಅನ್ನೋದೇ ಅದರ ಅರ್ಧ ಇತಿಹಾಸ. ಇವತ್ತೇ ಫೋಟೋ ತೆಗೀರಿ, ಮೊಬೈಲಲ್ಲಿ ಲೊಕೇಶನ್ ಆನ್ ಇಟ್ಟು. ಮೊದ್ಲು ಯಾವ ಮರದ ಬುಡದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನೋದನ್ನ ಊರಿನ ಹಿರಿಯರನ್ನ ಕೇಳಿ ಬರ್ಕೊಳ್ಳಿ. ಗ್ರಾಮ ಪಂಚಾಯ್ತಿಗೆ, ತಹಶೀಲ್ದಾರರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಒಂದೇ ಅರ್ಜಿ ಮೂರು ಪ್ರತಿ ಕೊಡಿ, ಸ್ವೀಕೃತಿ ಸಹಿ ಹಾಕ್ಸಿಕೊಳ್ಳಿ. ಕಲ್ಲು ಒಡೆಯೋ ಅಪಾಯ ಇದ್ರೆ ಪಂಚಾಯ್ತಿಯವ್ರ ಸಮ್ಮುಖದಲ್ಲೇ ರಸ್ತೆಯಿಂದ ಸ್ವಲ್ಪ ಒಳಗೆ ಸರಿಸಿ ನಿಲ್ಸಿ, ಕಾಂಕ್ರೀಟಲ್ಲಿ ಹುಗೀಬೇಡಿ.

ಕಲ್ಲಿನ ಎದುರು ಕೂತು ಕೆಳಗಿಂದ ಮೇಲೆ ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಲಿ ಕಾಳಗ, ನಡುವಿನದ್ರಲ್ಲಿ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರೋದು, ತುದಿಲಿ ಸೂರ್ಯ ಚಂದ್ರ. ಕೆಳಗೆ ದನ ಇದ್ರೆ ತುರುಗೊಳ್ ಕಾಳಗ, ಅಂದ್ರೆ ಊರಿನ ದನ ಬಿಡಿಸ್ಲಿಕ್ಕೆ ಹೋಗಿ ಸತ್ತವನು. ಪಟ್ಟಿಗಳ ನಡುವೆ ಅಕ್ಷರ ಇರ್ಬಹುದು. ಅದು ಓದ್ಲಿಕ್ಕೆ ಸುಣ್ಣ, ಚಾಕ್‌ಪೀಸ್ ತಿಕ್ಬೇಡಿ, ರಾತ್ರಿ ಹೋಗಿ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ, ಹಗಲಲ್ಲಿ ಕಾಣದ ಗೆರೆ ನೆರಳಲ್ಲಿ ಎದ್ದು ಕಾಣ್ತದೆ. ನಾಲ್ಕು ಬದಿಯಿಂದ ಹಾಗೇ ಫೋಟೋ ತೆಗೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ತೋರಿಸಿ, 1939ರಿಂದ ಶಾಸನಗಳ ಕೆಲಸ ಮಾಡ್ಕೊಂಡು ಬಂದ ಸಂಸ್ಥೆ ಅದು. ಆಸಿಡ್ ಬಿದ್ರೆ ಮೊದ್ಲು ಹೋಗೋದು ಅದೇ ಅಕ್ಷರದ ಅಂಚು.

ಪ್ರಶ್ನೆ: ನಾನು ಶಿರಸಿ ಪೇಟೆಯವಳು. ನಮ್ಮ ಬೀದಿಲಿ ಮರದ ಕಂಬದ ಜಗುಲಿ ಇದ್ದ ಮನೆಗಳು ಒಂದೊಂದೇ ಹೋಗ್ತಿವೆ. ಯಾರ ಮನೆಯನ್ನೂ ಕೆಡವಬೇಡಿ ಅನ್ಲಿಕ್ಕೆ ನನಗೆ ಹಕ್ಕಿಲ್ಲ, ಆದ್ರೂ ಏನಾದ್ರೂ ಮಾಡ್ಬೇಕು ಅನ್ಸ್ತದೆ. (ಉಪನ್ಯಾಸಕಿ, ಶಿರಸಿ)

ಉತ್ತರ: ನಿಮ್ಮ ಸಂಕಟ ನಂದೂ ಹೌದು. ಸ್ಮಾರಕ ಕಾನೂನು ಒಂದೊಂದು ಕಟ್ಟಡವನ್ನ ನೋಡ್ತದೆ, ಸಾಲು ಮನೆಯ ಬೀದಿ ಅದರ ಕಣ್ಣಿಗೆ ಬೀಳೂದು ಕಷ್ಟ. ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಅನ್ನೋ ಪರಿಕಲ್ಪನೆ ಇದೆ, ಊರಿನ ಮಾಸ್ಟರ್ ಪ್ಲಾನ್ ಸಾರ್ವಜನಿಕ ಆಕ್ಷೇಪಣೆಗೆ ಬಂದಾಗ ಬೀದಿ ಜನ ಸೇರಿ ಅರ್ಜಿ ಕೊಡ್ಬಹುದು. ಅದಕ್ಕೆ ಪಟ್ಟಿ ಬೇಕು, ಆ ಪಟ್ಟಿ ನೀವು ಮಾಡಿ. ವಿದ್ಯಾರ್ಥಿಗಳನ್ನ ಕರ್ಕೊಂಡು ಮನೆಮನೆಗೆ ಹೋಗಿ, ಮೊದ್ಲು ಮನೆಯವರ ಒಪ್ಪಿಗೆ ಕೇಳಿ, ಜಗುಲಿ ಅಳತೆ, ಕಂಬದ ಕೆತ್ತನೆ, ಬಾಗಿಲವಾಡ, ಹೆಂಚಿನ ಹಿಂದೆ ಅಚ್ಚಾದ ಕಾರ್ಖಾನೆ ಹೆಸರು, ಎಲ್ಲಾ ಬರ್ಕೊಳ್ಳಿ. ಹೆಂಚು ಒಂದು ಒಳ್ಳೆ ಸಾಕ್ಷಿ, ಬಾಸೆಲ್ ಮಿಷನ್ನವ್ರ ಮೊದಲ ಹೆಂಚಿನ ಕಾರ್ಖಾನೆ ಮಂಗಳೂರು ಜೆಪ್ಪುವಲ್ಲಿ 1865ರಲ್ಲಿ ಶುರುವಾದದ್ದು, ಮಾಡಿಗೆ ಮಂಗಳೂರು ಹೆಂಚು ಬಂದದ್ದು ಅದರ ನಂತರವೇ ಅಂತ ಆಯ್ತಲ್ಲಾ.

ಅದಕ್ಕಿಂತ ಅವಸರದ್ದು ಇನ್ನೊಂದಿದೆ. ಆ ಮನೆ ಕಟ್ಟಿದ ಕೈಗಳನ್ನ ಹುಡುಕಿ. ಸುಣ್ಣ ಸುಡೋದು ಗೊತ್ತಿರೋ ಮುದುಕರು, ಗಾರೆ ಕುಟ್ಟಿದ ಹೆಂಗಸರು, ಮೊಳೆ ಇಲ್ದೆ ತೊಲೆ ಕೂರ್ಸೋ ಆಚಾರ್ರು, ಮರಕ್ಕೆ ಗೇರೆಣ್ಣೆ ಯಾವಾಗ ಎಷ್ಟು ಹಚ್ಬೇಕು ಅಂತ ಬಲ್ಲವ್ರು, ಇವ್ರ ಹತ್ರ ಕೂತು ಪಾಕದ ಅಳತೆ ಸಮೇತ ವಿಡಿಯೋ ಮಾಡಿ. ಸುಣ್ಣಕ್ಕೆ ಬೆಲ್ಲ ಎಷ್ಟು, ಎಷ್ಟು ದಿನ ಕೊಳೆಸ್ಬೇಕು, ಕೈಗೆ ಹೇಗೆ ತಾಗಿದ್ರೆ ಹದ ಬಂತು ಅಂತ, ಎಲ್ಲಾ ಬಿಡಿಸಿ ಕೇಳಿ. ಹತ್ತು ವರ್ಷ ಬಿಟ್ಟು ಯಾರೋ ಹಳೆ ಮನೆ ಸರಿ ಮಾಡ್ತೇನೆ ಅಂತ ಮುಂದೆ ಬಂದ್ರೂ ಮಾಡೋ ಮೇಸ್ತ್ರಿ ಇಲ್ದೇ ಹೋದ್ರೆ ಅವ್ರೂ ಸಿಮೆಂಟಿಗೇ ಹೋಗ್ತಾರೆ. ಕೆಡವೋದನ್ನ ತಪ್ಪಿಸ್ಲಿಕ್ಕೇ ಆಗ್ದಿದ್ರೆ ಮನೆಯವರತ್ರ ಎರಡು ದಿನ ಟೈಮ್ ಕೇಳಿ ಅಳತೆ ಫೋಟೋ ಮುಗಿಸ್ಕೊಳ್ಳಿ, ಕಂಬ ಬಾಗಿಲು ಮಾರೋದಿದ್ರೆ ಹೊರಗಿನ ವ್ಯಾಪಾರಿಗೆ ಕೊಡೋ ಬದಲು ಅದೇ ಬೀದಿಲಿ ರಿಪೇರಿ ಮಾಡ್ಸೋ ಇನ್ನೊಬ್ಬರಿಗೆ ಕೊಡಿ ಅಂತ ಕೇಳ್ಕೊಳ್ಳಿ. ಪಟ್ಟಿ ತಯಾರಾದ್ಮೇಲೆ ಒಂದು ಪ್ರತಿ ನಗರಸಭೆಗೆ, ಒಂದು ಊರಿನ ಲೈಬ್ರರಿಗೆ, ಒಂದು ನಮಗೂ ಕಳ್ಸಿ, ಬೀದಿಯವರು ಒಪ್ಪಿದ್ರೆ ಫೋಟೋ ಸಮೇತ ಇದೇ ಪುಟದಲ್ಲಿ ಹಾಕ್ತೇವೆ.